ಹೊಟ್ಟೆಗೆ ಹಾಕಿಕೊಂಡದ್ದು

ತಮೀರ್ ನದಿಯ ಅಂಚು ಹೆಪ್ಪುಗಟ್ಟುವ ವಾರ
ಚಳಿಗಾಲದ ಮಾಂಸಕ್ಕೆಂದು ಕುರಿ ಕಡಿಯುತ್ತೇವೆ ಇಲ್ಲಿ.
ಕಡಿಯುತ್ತೇವೆ ಅನ್ನುವುದೂ ತಪ್ಪು:
ಎದೆಯ ಕೆಳಗೊಂದು ಅಂಗೈಯಗಲದ ಸೀಳು,
ಅದರೊಳಗೆ ಕೈಯಿಟ್ಟು ದವಾಸುರೆನ್ ಒಂದು ನಾಳ ತಡಕುತ್ತಾನೆ
ಕರೆಂಟು ಹೋದ ಕೋಣೆಯಲ್ಲಿ ಬೆಂಕಿಪೊಟ್ಟಣ ತಡಕಿದ ಹಾಗೆ.
ನೆಲಕ್ಕೆ ಒಂದು ಹನಿ ರಕ್ತ ಬೀಳಬಾರದು.
ಕಿವಿ ಹರಿದ ಆ ಟಗರಿನ ಕಣ್ಣಲ್ಲಿ
ಮೋಡ ಇನ್ನೂ ಸ್ವಲ್ಪ ಹೊತ್ತು ಚಲಿಸಿತು.

ಮಿಕ್ಕದ್ದು ಹೆಂಗಸರ ಪಾಲು.
ತೋಳು ಮಡಚಿ ಕೂತರು ಅತ್ತೆ ತ್ಸೆವೆಲ್ಮಾ,
ನನ್ನ ಮುಂದೆ ಹಬೆಯಾಡುವ ತಗಡಿನ ಬೋಗುಣಿ.

ಮೊದಲನೆಯದು ದೊಡ್ಡದು, ಚೀಲದಂಥದು.
ಸೀಳಿದರೆ ನಿನ್ನೆಯ ಬೆಟ್ಟವೇ ಹೊರಗೆ ಸುರಿಯಿತು:
ಹಸಿರಲ್ಲ, ಹಳದಿಯಲ್ಲ, ಹುಳಿನಾತದ ಬೆಚ್ಚನೆ ಹುಲ್ಲು.
ಅತ್ತೆ ಮೂಸಿದರು. 'ಬಂಡೆಗಳ ಆಚೆ ಮೇದಿದೆ ಇದು,
ಒಣಗಿದ ಕಾಡು ಈರುಳ್ಳಿ. ಬಿಲ್ಗೂನ್ ಸುಳ್ಳು ಹೇಳಿದ,
ಮಂದೆ ಬಿಟ್ಟು ಮಲಗಿದ್ದಾನೆ.'

ಉಲಾನ್‌ಬಾತರ್‌ನಲ್ಲಿ ಪಶುವೈದ್ಯ ಓದಲು ಹೋಗಿ
ವರ್ಷಕ್ಕೇ ಬಿಟ್ಟು ಬಂದವಳು ನಾನು.
ಈ ರಸದ ಒಂದು ಹನಿಯನ್ನು ಗಾಜಿನಡಿ ನೋಡಿದ್ದೆ:
ಗಿಜಿಗುಡುವ ಪೇಟೆ. ಮೈತುಂಬ ರೋಮದ ಜೀವಗಳು
ಒಂದನ್ನೊಂದು ಗುದ್ದಿಕೊಂಡು ಎಲ್ಲಿಗೋ ಅವಸರದಲ್ಲಿದ್ದವು.
ಹುಲ್ಲು ಮುರಿಯುವುದು ಕುರಿಗೆ ಬಾರದ ವಿದ್ಯೆ.
ಅದು ಮೇಯುವುದು ಇವಕ್ಕಾಗಿ;
ಇವು ಹುಳಿಸಿ, ಕೊಳೆಸಿ, ಹೆತ್ತು, ಹೆಚ್ಚಿ,
ಮುಂದಿನ ಕೋಣೆಗಳಿಗೆ ಜಾರಿ
ಕೊನೆಗೆ ತಾವೇ ಕುರಿಗೆ ಊಟ.
ಹೇಳಿದೆ ಅತ್ತೆಗೆ. ಕೈ ನಿಲ್ಲಿಸದೆ ಅಂದರು:
'ಗೊತ್ತು. ಮನೆಗೆ ಸೊಸೆ ತರುವುದೂ ಅದಕ್ಕೇ.'
ನಕ್ಕರೋ ಇಲ್ಲವೋ, ಹಬೆಯಲ್ಲಿ ಕಾಣಲಿಲ್ಲ.

ರಾತ್ರಿ ಕಂಬಳಿಗೋಡೆಯಾಚೆ ಮಂದೆಯ ಮೆಲುಕು ಕೇಳುತ್ತದೆ.
ನುಂಗಿದ್ದನ್ನು ಮತ್ತೆ ಬಾಯಿಗೆ ತಂದು
ಅವು ಅರೆದಷ್ಟೂ ನುಣ್ಣಗಾಗುತ್ತದೆ ಹುಲ್ಲು.
ನಾನೂ ಮಲಗಿದಲ್ಲೇ ಮೆಲುಕು ಹಾಕುತ್ತೇನೆ.
ನನ್ನದು ಮಾತ್ರ ಅರೆದಷ್ಟೂ ಒರಟು.

ಎರಡನೆಯದರ ಒಳಗೋಡೆ
ನಮ್ಮ ಗುಡಾರದ ಕಡ್ಡಿಜಾಲರಿಯ ಹಾಗೆ, ಚೌಕ ಚೌಕ.
ಭಾರದ್ದೆಲ್ಲ ಇಲ್ಲೇ ತಂಗುತ್ತದೆ:
ಮರಳು, ತಂತಿಯ ತುಂಡು,
ಒಂದು ನೀಲಿ ಗುಂಡಿ.

ನನ್ನ ಮದುವೆಯ ಅಂಗಿಯದು.
ಬೇಸಿಗೆಯಲ್ಲಿ ಕಳೆದಾಗ ನಾನಾಡದ ಮಾತಿಲ್ಲ:
ಕಸದ ಜೊತೆ ಎಸೆದಿರಿ, ಬೇಕೆಂದೇ ಎಸೆದಿರಿ,
ನಾನು ಬಂದದ್ದೇ ನಿಮಗೆ ಬೇಡವಿತ್ತು.
ಆಗ ಅವರು ಚಹಾಕ್ಕೆ ಉಪ್ಪು ಹಾಕಿ ಕಲಕುತ್ತಿದ್ದರು,
ಕಲಕುತ್ತಲೇ ಇದ್ದರು.
ಎಲ್ಲ ಹೊಟ್ಟೆಗೆ ಹಾಕಿಕೊಂಡರು.
ಎಲ್ಲಿ ಇಟ್ಟರೋ, ಯಾವ ಕೋಣೆಯಲ್ಲಿ.

ಗುಂಡಿಯನ್ನು ಸೆರಗಿಗೊರೆಸಿ ಪಕ್ಕಕ್ಕಿಟ್ಟು
ಮೂರನೆಯದನ್ನು ಬಿಡಿಸಿದರು. ಹಾಳೆ, ಹಾಳೆ, ಹಾಳೆ.
ಅಕ್ಷರ ಬಾರದ ಅತ್ತೆ ಒಂದನ್ನೂ ಬಿಡದೆ ತಿರುವಿ ತೊಳೆದರು,
ಅಷ್ಟು ನಿಧಾನವಾಗಿ ನಾನು ಯಾವ ಪುಸ್ತಕವನ್ನೂ ಓದಿಲ್ಲ.
ನಾಲ್ಕನೆಯದು ನಮ್ಮ ನಿಮ್ಮದರಂತೆಯೇ,
ಉರಿಯುವ ಹುಳಿ, ಹೇಳುವಂಥದ್ದೇನಿಲ್ಲ.
ಕರುಳಿನ ತುದಿ ಹಿಡಿದು ಗುಡಾರದ ಸುತ್ತ ನಡೆದೆ;
ಬಾಗಿಲು ಮತ್ತೆ ಬಂತು, ಕರುಳು ಮುಗಿದಿರಲಿಲ್ಲ.
ಕೊನೆಗೆ ಹಿಕ್ಕೆ, ಬೆಚ್ಚಗೆ, ಮಣಿಮಣಿಯಾಗಿ.
ಒಣಗಿದರೆ ಒಲೆಗಾಯಿತು.

ಸಂಜೆ, ಗೀರಿ ತೊಳೆದ ಆ ಮೊದಲ ಚೀಲಕ್ಕೆ
ಬೇಸಿಗೆಯ ಬೆಣ್ಣೆ ತುಂಬಿದೆವು, ಬೆರಳಿನಿಂದ ಒತ್ತಿ ಒತ್ತಿ.
ಬದುಕಿರುವಷ್ಟು ದಿನ ಒಂದು ಎಸಳನ್ನೂ ಇಡಿಯಾಗಿ ಬಿಡದ್ದು
ಇನ್ನು ಹಿಮ ಕರಗುವ ತನಕ ಬೆಣ್ಣೆ ಕಾಯಬೇಕು.
ಬಾಯಿಯನ್ನು ನರದ ದಾರದಿಂದ ಹೊಲಿದು
ಹಲ್ಲಲ್ಲಿ ತುಂಡರಿಸಿದರು ಅತ್ತೆ.

ಮಿಕ್ಕ ಗೇಣುದ್ದ ದಾರವನ್ನು, ಸೂಜಿ ಸಮೇತ,
ನನ್ನತ್ತ ಚಾಚಿದರು.